ಗೇಣಿಯ ಪ್ರಶ್ನೆ ಮತ್ತು ದಿನಕರ ದೇಸಾಯಿ

ದಿನಕರ ದೇಸಾಯಿಯವರ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಚುಟುಕ. ಮಂತ್ರಿಯನ್ನು, ಲಂಚವನ್ನು, ಜಾತಿಯ ಜಂಬವನ್ನು ನಾಲ್ಕೇ ಸಾಲಿನಲ್ಲಿ ಚುಚ್ಚಿ ನಗಿಸಿದವರು ಅವರು. ಶಾಲೆಯ ಸಮಾರಂಭಗಳಲ್ಲಿ, ನಿವೃತ್ತರ ಬೀಳ್ಕೊಡುಗೆಗಳಲ್ಲಿ ಅವರ ಚೌಪದಿಗಳು ಈಗಲೂ ಕೇಳಿಬರುತ್ತವೆ. ಈ ಜನಪ್ರಿಯತೆ ಅವರಿಗೆ ಒಂದು ಬಗೆಯ ಅನ್ಯಾಯವನ್ನೂ ಮಾಡಿದೆ. ತಮ್ಮ ಜಿಲ್ಲೆಯಲ್ಲಿ ಯಾರೂ ಬಹಿರಂಗವಾಗಿ ಎತ್ತಲು ಬಯಸದಿದ್ದ ಪ್ರಶ್ನೆಯೊಂದನ್ನು ಎತ್ತಿ, ಅದಕ್ಕಾಗಿ ಐದು ವರ್ಷ ಆ ಜಿಲ್ಲೆಗೇ ಕಾಲಿಡದಂತಾದ ದೇಸಾಯಿ ಇಂದು ಎಷ್ಟು ಜನರಿಗೆ ಗೊತ್ತು?

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲೆಯ ಸೀಮೆಯಲ್ಲಿ. ಮುಂಬಯಿಯಲ್ಲಿ ಎಂ.ಎ. ಮತ್ತು ಕಾನೂನು ಪದವಿ ಪಡೆದ ತರುಣನಿಗೆ ಆ ಕಾಲದಲ್ಲಿ ವಕೀಲಿಯ ದಾರಿ ತೆರೆದೇ ಇತ್ತು. ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು. ಅಲ್ಪ ಜೀವನಾಂಶ, ಆಜೀವ ದುಡಿಮೆ, ಯಾವ ವಾದವನ್ನೂ ಅಂಕಿ ಅಂಶಗಳಿಲ್ಲದೆ ಮಂಡಿಸದ ಶಿಸ್ತು ಆ ಸಂಸ್ಥೆಯ ರೀತಿಯಾಗಿತ್ತು. ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1938ರಲ್ಲಿ ಬಂತು. ಮುಂಬಯಿ ಬಂದರಿನಲ್ಲಿ ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ತೊಡಗಿ, ಅವರ ಸ್ಥಿತಿಗತಿಯ ಬಗ್ಗೆಯೂ ಒಂದು ಗ್ರಂಥ ಬರೆದರು. ಇಷ್ಟರ ನಡುವೆ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರ ಇತಿಹಾಸವನ್ನೂ ಬರೆದು 1951ರಲ್ಲಿ ಪ್ರಕಟಿಸಿದರು. ನಗೆಚಾಟಿಕೆಯ ಕವಿಯೆಂದು ನಾವು ತಿಳಿದಿರುವ ವ್ಯಕ್ತಿಯ ಮೇಜಿನ ಮೇಲೆ ಶಾಸನಗಳೂ ಕೂಲಿಯ ಲೆಕ್ಕಗಳೂ ಒಟ್ಟಿಗೇ ಇದ್ದವು.

ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದ ದಕ್ಷಿಣ ತುದಿಯ ಜಿಲ್ಲೆ. ಉಳುವವರಲ್ಲಿ ಬಹುಪಾಲು ಜನರಿಗೆ ಸ್ವಂತ ನೆಲವಿರಲಿಲ್ಲ. ಮೂಲಗೇಣಿಯ ಭದ್ರತೆ ಕೆಲವರಿಗೆ ಮಾತ್ರ ಇದ್ದು, ಉಳಿದವರು ಚಾಲಗೇಣಿಯವರಾಗಿದ್ದರು, ಎಂದರೆ ಒಡೆಯನು ಬೇಡವೆಂದ ವರ್ಷ ಗದ್ದೆ ಬಿಟ್ಟು ಏಳಬೇಕಾದವರು. ಬೆಳೆ ಬಂದರೂ ಬಾರದಿದ್ದರೂ ಗೇಣಿಭತ್ತ ಅಳೆಯಬೇಕು, ಹಬ್ಬಕ್ಕೆ ಕಾಣಿಕೆ ಒಯ್ಯಬೇಕು, ಕರೆದಾಗ ಬಿಟ್ಟಿ ದುಡಿಯಬೇಕು. ಕೊಟ್ಟಿದ್ದಕ್ಕೆ ರಸೀದಿ ಸಿಗುವುದು ಅಪರೂಪ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ರಿಕಾರ್ಡೋನ ಗೇಣಿಸಿದ್ಧಾಂತವನ್ನು ರೇಖಾಚಿತ್ರಗಳಲ್ಲಿ ಕಲಿತೆವು. ಆ ಚಿತ್ರದಲ್ಲಿ ರಸೀದಿಗೆ ಸ್ಥಾನವಿರಲಿಲ್ಲ.

1930ರ ದಶಕದ ಕೊನೆಯಲ್ಲಿ ದೇಸಾಯಿ ಮತ್ತು ಸಂಗಡಿಗರು ರೈತ ಸಂಘವನ್ನು ಕಟ್ಟಿ ಹಳ್ಳಿ ಹಳ್ಳಿ ತಿರುಗಿದರು. ಉಳುವವನಿಗೇ ಭೂಮಿ ಸೇರಬೇಕೆಂಬ ಮಾತು ಜಿಲ್ಲೆಯ ಸಾರ್ವಜನಿಕ ಸಭೆಗಳಲ್ಲಿ ಗಟ್ಟಿಯಾಗಿ ಕೇಳಿಸತೊಡಗಿತು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಮುಂಬಯಿ ಪ್ರಾಂತ 1939ರಲ್ಲಿ ಮಾಡಿದ ಗೇಣಿ ಶಾಸನ ಮೊದಲು ಜಾರಿಯಾದ ಕೆಲವೇ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಆ ಜಾರಿಯ ಹೊತ್ತಿಗೆ, ಅದಕ್ಕಾಗಿ ಒತ್ತಾಯಿಸಿದವರು ಜಿಲ್ಲೆಯ ಗಡಿಯ ಹೊರಗಿದ್ದರು. ಅವರು ಮರಳಿದ್ದು 1945ರಲ್ಲಿ.

ಚಳವಳಿಯ ಬಲವಿದ್ದುದು ಕರಾವಳಿಯಲ್ಲಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದೇ ಪ್ರಶ್ನೆಗೆ ಬೇರೆಯೇ ಮುಖವಿತ್ತು. ನಾನು ಈ ಮೂರು ತಾಲೂಕುಗಳಲ್ಲಿ ಕಂದಾಯ ಅಧಿಕಾರಿಯಾಗಿ ಕೆಲಸ ಮಾಡಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಲ್ಲಿಯ ಒಡೆಯ ಬಹಳ ಕಡೆ ದೊಡ್ಡ ಜಮೀನ್ದಾರನಲ್ಲ. ಕಣಿವೆಯೊಂದರಲ್ಲಿ ಎರಡೋ ಮೂರೋ ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನಬೆಟ್ಟ, ಪಕ್ಕದಲ್ಲಿ ಗೇಣಿಗೆ ಕೊಟ್ಟ ಒಂದು ತುಂಡು ಗದ್ದೆ ಅವನ ಆಸ್ತಿ. ಕೊಳೆರೋಗ ಬಂದ ವರ್ಷ ಆತನೂ ಸಾಲಗಾರ. ದಲಾಲರ ಹಿಡಿತದಿಂದ ಪಾರಾಗಲು ಶಿರಸಿಯ ತೋಟಿಗರು 1923ರಲ್ಲಿಯೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಳ್ಳಬೇಕಾಗಿ ಬಂದಿತ್ತು. ಗೇಣಿದಾರರಲ್ಲಿ ದೀವರು, ಒಕ್ಕಲಿಗರು ಇದ್ದಂತೆ ಬಡ ಹವ್ಯಕರೂ ಇದ್ದರು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ಭೂಮಾಲೀಕರು ತೀರ್ವೆ ಕೊಡಲು ಒಪ್ಪದೆ ಹೊಲ, ಮನೆ, ಪಾತ್ರೆ ಪಗಡಗಳನ್ನೆಲ್ಲ ಕಳೆದುಕೊಂಡಿದ್ದರು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತಿದ್ದರು. ಆ ಭೂಮಿ ವಾಪಸಾದದ್ದು 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ದೇಶಕ್ಕಾಗಿ ನೆಲ ಬಿಟ್ಟವರು, ನೆಲ ಮರಳಿ ಬಂದ ಒಂದೆರಡು ವರ್ಷಗಳಲ್ಲೇ, ಅದು ನಿಮ್ಮದಲ್ಲ, ಉಳುವವನದು ಎಂಬ ವಾದವನ್ನು ಕೇಳಬೇಕಾಯಿತು. ಅವರ ಸಂಕಟ ಸುಳ್ಳಿನದಾಗಿರಲಿಲ್ಲ. ಆದರೆ ಅವರ ತ್ಯಾಗದ ವರ್ಷಗಳಲ್ಲಿ ಅದೇ ಗದ್ದೆಯನ್ನು ಉತ್ತವನ ಹೆಸರು ತ್ಯಾಗದ ಪಟ್ಟಿಯಲ್ಲೂ ಇರಲಿಲ್ಲ, ಪಹಣಿಯಲ್ಲೂ ಇರಲಿಲ್ಲ. ಸ್ವಾತಂತ್ರ್ಯ ಹೋರಾಟದ ನೆನಪನ್ನು ಗೇಣಿಯ ಪ್ರಶ್ನೆಗೆ ಉತ್ತರವಾಗಿ ಒಡ್ಡಲಾಗದು. ದೇಸಾಯಿಯವರ ನಿಲುವಿನ ತಿರುಳು ಇದೇ ಎಂಬುದು ನನ್ನ ತಿಳಿವಳಿಕೆ.

ಮುಂದಿನ ಕಥೆ ಕಾನೂನಿನದು. ಮುಂಬಯಿ ರಾಜ್ಯ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಗೊತ್ತುಮಾಡಿ ಗೇಣಿದಾರರನ್ನು ಒಡೆಯರನ್ನಾಗಿಸಲು ಹೊರಟಿತು. ಅದಕ್ಕೆ ಸರಿಯಾಗಿ ಐದು ತಿಂಗಳ ಮೊದಲು, 1956ರ ನವೆಂಬರ್ 1ರಂದು, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತ್ತು. ಏಕೀಕರಣದ ಸಂಭ್ರಮದಲ್ಲಿ ಇದನ್ನು ಲೆಕ್ಕಹಾಕಿದವರು ಕಡಿಮೆ. ಮೈಸೂರಿನ ಭೂಸುಧಾರಣಾ ಕಾಯ್ದೆ 1961ರಲ್ಲಿ ಅಂಗೀಕಾರವಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದರೂ ಅದರಲ್ಲಿ ನುಸುಳಿಕೊಳ್ಳಲು ದಾರಿಗಳು ಹಲವಿದ್ದವು. ಗೇಣಿ ಪದ್ಧತಿ ಕಾನೂನಿನಲ್ಲಿ ಕೊನೆಗೊಂಡದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಏಕೀಕರಣದಿಂದ ನಮ್ಮ ಜಿಲ್ಲೆಯ ಗೇಣಿದಾರನಿಗೆ ಕನ್ನಡದ ಆಡಳಿತ ಸಿಕ್ಕಿತು. ನೆಲ ಸಿಗುವುದು ಮಾತ್ರ ಹದಿನೇಳು ವರ್ಷ ಮುಂದೆ ಹೋಯಿತು.

ಈ ನಡುವಿನ ವರ್ಷಗಳಲ್ಲಿ ದೇಸಾಯಿ ಸುಮ್ಮನೆ ಕಾಯಲಿಲ್ಲ. ಗೇಣಿದಾರನ ಮಗನಿಗೆ ಓದು ಬಾರದಿದ್ದರೆ ಯಾವ ಕಾಯ್ದೆಯೂ ಅವನ ಕೈಗೆ ಹತ್ತದೆಂದು ಅವರು ಕಂಡುಕೊಂಡಿದ್ದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಪ್ರೌಢಶಾಲೆಗಳಿಲ್ಲದ ಊರುಗಳಲ್ಲಿ ಶಾಲೆ ತೆರೆದರು. ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು ಆರಂಭವಾಯಿತು. 1955ರಿಂದ ಜನಸೇವಕ ವಾರಪತ್ರಿಕೆ ನಡೆಸಿದರು. 1967ರಲ್ಲಿ ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಲೋಕಸಭೆಗೆ ಆಯ್ಕೆಯಾದರು. ಚುಟುಕಗಳು ಅವರ ಸಾರ್ವಜನಿಕ ವಾದದ ಇನ್ನೊಂದು ರೂಪ. ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲು ಪಟೇಲರ ಜಗಲಿಯಲ್ಲೂ ಚಹದಂಗಡಿಯಲ್ಲೂ ಒಂದೇ ದಿನ ಚರ್ಚೆಗೆ ಬರುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ನಗೆಗೆ ಕೊಡುವುದು ಕಷ್ಟ. ಅವರ ನಗೆ ಪದ್ಧತಿಯ ಮೇಲಿತ್ತು. ವ್ಯಕ್ತಿಯನ್ನು ಹೀಯಾಳಿಸುವ ಚಟ ಅವರಿಗಿರಲಿಲ್ಲ. ಇಂದಿನ ಟಿ.ವಿ. ಚರ್ಚೆಗಳನ್ನು ನೋಡುವಾಗ ಈ ಗುಣ ಎಷ್ಟು ದುಬಾರಿಯದೆಂದು ತಿಳಿಯುತ್ತದೆ. ಅವರು 1982ರ ನವೆಂಬರ್ 6ರಂದು ತೀರಿಕೊಂಡರು.

ನಾನು ಭೂನ್ಯಾಯಮಂಡಳಿಯ ಅಧ್ಯಕ್ಷತೆ ವಹಿಸಿದ್ದು ಅವರ ಕಾಲವಾದ ಕೆಲವು ವರ್ಷಗಳ ಮೇಲೆ. ಏಳನೇ ನಮೂನೆಯ ಅರ್ಜಿಗಳು ಮುಗಿಯುತ್ತ ಬಂದು, ಮೇಲಿನ ನ್ಯಾಯಾಲಯದಿಂದ ಮರುವಿಚಾರಣೆಗೆ ಬಂದವು ಉಳಿದಿದ್ದವು. ಆರಂಭದಲ್ಲಿ ಈ ಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ; ಆ ನಿರ್ಬಂಧ ಬಿದ್ದುಹೋದದ್ದು 1987ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಸಿದ್ದಾಪುರ ತಾಲೂಕಿನ ಒಂದು ಪ್ರಕರಣದಲ್ಲಿ ಒಡತಿ ವಿಧವೆ. ಗಂಡ ಹೋದ ಮೇಲೆ ಉಳುವವರಿಲ್ಲದೆ ಎರಡು ಎಕರೆ ಗದ್ದೆಯನ್ನು ಗೇಣಿಗೆ ಬಿಟ್ಟಿದ್ದರು. ಎದುರಿಗೆ ನಿಂತವನು ಆ ಗದ್ದೆಯಲ್ಲಿ ಇಪ್ಪತ್ತು ಮಳೆಗಾಲ ನೆಟ್ಟಿ ಮಾಡಿದವನು. ಅವರಿಬ್ಬರ ಬಡತನದಲ್ಲಿ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಕಾಯ್ದೆಯಲ್ಲಿ ಸಂದಿಗ್ಧವಿರಲಿಲ್ಲ, ಗದ್ದೆ ಉಳುವವನಿಗೆ ಹೋಯಿತು. ಆ ಆದೇಶ ಸರಿಯಾದದ್ದೆಂದೇ ಈಗಲೂ ಭಾವಿಸುತ್ತೇನೆ.

ಆದರೆ ಅದೇ ಕಾಯ್ದೆಯ ಐದನೇ ಕಲಮು ಸೈನಿಕನಿಗೂ ಹಡಗಿನ ನೌಕರನಿಗೂ ವಿನಾಯಿತಿ ಕೊಟ್ಟಿತ್ತು. ಸಮುದ್ರದಲ್ಲಿರುವವನು ಉಳಲಾರನೆಂದು ಶಾಸನಕಾರರಿಗೆ ಹೊಳೆದಿತ್ತು. ವಿಧವೆಗೆ ಮೊದಲಿದ್ದ ರಕ್ಷಣೆ 1974ರಲ್ಲಿ ಹೋಯಿತು. ಅದನ್ನು ದುರುಪಯೋಗ ಮಾಡಿಕೊಂಡ ದೊಡ್ಡ ಒಡೆಯರು ಇದ್ದರೆಂಬುದೂ ನಿಜವೇ. ಹಡಗಿನ ಕಾರ್ಮಿಕರಿಗಾಗಿ ಅರ್ಧ ಆಯುಷ್ಯ ದುಡಿದ ದೇಸಾಯಿಯವರು ಈ ಕಲಮಿನ ಬಗ್ಗೆ ಒಂದು ಚುಟುಕ ಬರೆದಿದ್ದರೆ ಓದಲು ನನಗೆ ಆಸೆ.

ಅವರ ಚಳವಳಿಯ ಮಿತಿಯನ್ನೂ ಹೇಳಬೇಕು. ಉಳುವವನೆಂದರೆ ಗೇಣಿದಾರ ಎಂದಾಯಿತು. ಅಡಿಕೆಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ, ಸೊಪ್ಪು ಹೊರುವ ಕೂಲಿಯಾಳು, ಸಸಿ ನೆಡುವ ಹೆಂಗಸರು ಆ ವ್ಯಾಖ್ಯೆಯೊಳಗೆ ಬರಲಿಲ್ಲ. ನಾನು ಕಂಡ ಅಧಿಭೋಗದ ಪ್ರಮಾಣಪತ್ರಗಳಲ್ಲಿ ಹೆಂಗಸರ ಹೆಸರು ಬೆರಳೆಣಿಕೆಯಷ್ಟು. ಓದು ಬಾರದೆಯೋ ಒಡೆಯನ ಮುಲಾಜಿಗೋ ಅರ್ಜಿ ಹಾಕದೆ ಉಳಿದವರಿಗಾಗಿ 1998ರಲ್ಲಿ 7ಎ ನಮೂನೆ ಬಂದಾಗ, ನಿಜವಾದ ಗೇಣಿದಾರರಲ್ಲಿ ಹಲವರು ಸತ್ತೇ ಹೋಗಿದ್ದರು.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ 79ಎ, 79ಬಿ ಕಲಮುಗಳನ್ನು 2020ರಲ್ಲಿ ರಾಜ್ಯ ತೆಗೆದುಹಾಕಿತು. ನಿಯಮ ಮೊದಲೂ ಸಾವಿರ ಬಾರಿ ಮುರಿದದ್ದೇ ಎಂಬ ವಾದದಲ್ಲಿ ಹುರುಳಿದೆ. ಕಚೇರಿಗಳಲ್ಲಿ ಅದು ಲಂಚದ ದಾರಿಯಾಗಿತ್ತೆಂಬುದನ್ನೂ ಬಲ್ಲೆ. ಆದರೂ ಗೇಣಿಯಿಂದ ಬಿಡುಗಡೆಯಾದ ಗದ್ದೆಗೆ ಈಗ ಬೆಂಗಳೂರಿನ ಬೆಲೆ ಬರುತ್ತಿರುವಾಗ, ಎರಡು ಎಕರೆಯವನು ಎಷ್ಟು ಕಾಲ ಬೇಡವೆನ್ನಬಲ್ಲ? ಮಕ್ಕಳು ಊರುಬಿಟ್ಟ ತೋಟದ ಮನೆಗಳಲ್ಲಿ ಈ ಪ್ರಶ್ನೆಯನ್ನು ಒಡೆಯರ ಮೊಮ್ಮಕ್ಕಳೂ ಗೇಣಿದಾರರ ಮೊಮ್ಮಕ್ಕಳೂ ಒಂದೇ ಬಗೆಯಲ್ಲಿ ಎದುರಿಸುತ್ತಿದ್ದಾರೆ.

ಇನ್ನು ಗೇಣಿಯ ಗದ್ದೆಯೂ ಇಲ್ಲದೆ ಕಾಡಿನ ಅಂಚಿನಲ್ಲಿ ಉತ್ತವರ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯು ಪರಿಶಿಷ್ಟ ಪಂಗಡಕ್ಕೆ ಸೇರದವರಿಂದ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಆಧಾರ ಕೇಳುತ್ತದೆ. ಯಲ್ಲಾಪುರದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಈ ಷರತ್ತಿಲ್ಲ. ನೆರೆಯ ಗೌಳಿ, ಕುಣಬಿ ಕುಟುಂಬಗಳು 1930ರ ಕಾಗದ ತರಬೇಕು. ಒಡೆಯನ ಲೆಕ್ಕದ ಪುಸ್ತಕದಲ್ಲೂ ಹೆಸರು ಬೀಳದವರ ಮನೆಯಲ್ಲಿ ಅಂಥ ಕಾಗದ ಇರುವುದು ಅಪರೂಪ. ಇದ್ದರೆ ಅದು ಸಾಮಾನ್ಯವಾಗಿ ಒಂದೇ ಬಗೆಯದು: ಕಾಡು ಕಡಿದು ಉತ್ತದ್ದಕ್ಕೆ ಅಜ್ಜ ಕಟ್ಟಿದ ದಂಡದ ರಸೀದಿ.