ಒಂದೇ ಬೆಲೆ ಇಟ್ಟ ವಾನಮೇಕರ್

ಚೌಕಾಸಿ ಮಾಡೋಕೆ ಬಾರದ ನನ್ನಂಥವರು ಜಾನ್ ವಾನಮೇಕರ್‌ಗೆ ಋಣಿಗಳು. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಈತ ಕಟ್ಟಾ ಪ್ರೆಸ್‌ಬಿಟೇರಿಯನ್. 1858ರಲ್ಲೇ ಭಾನುವಾರದ ಬೈಬಲ್ ಶಾಲೆ ಶುರು ಮಾಡಿದ. 1861ರಲ್ಲಿ ಹೆಂಡತಿಯ ಸೋದರನ ಜೊತೆ ಬಟ್ಟೆ ಅಂಗಡಿ ತೆರೆದ.

ಆಗೆಲ್ಲ ಗಿರಾಕಿಯ ಮುಖ ನೋಡಿ ರೇಟು ಹೇಳೋದು ರೂಢಿ. ಈತ ಎಲ್ಲರಿಗೂ ಒಂದೇ ಬೆಲೆ ಇಟ್ಟ. ಮಾಲು ಹಿಡಿಸದಿದ್ರೆ ದುಡ್ಡು ವಾಪಸ್. (ಒಂದೇ ಬೆಲೆಯ ನೇಮ ಕ್ವೇಕರ್ ವ್ಯಾಪಾರಿಗಳಲ್ಲಿ ಮೊದಲೇ ಇತ್ತು, ಈತ ಅದನ್ನು ದೊಡ್ಡ ಪೇಟೆಗೆ ತಂದ, ಅಷ್ಟೇ.) ಗಿರಾಕಿಗಳು ನಂಬಿದ್ರು. 1876ರ ಹೊತ್ತಿಗೆ ಅಂಗಡಿಗೆ ಹಳೇ ರೈಲ್ವೆ ಗೋದಾಮೇ ಬೇಕಾಯ್ತು.

ನನ್ನ ತಕರಾರು ಅವನ ರಾಜಕಾರಣದ ಬಗ್ಗೆ. ಬೆಂಜಮಿನ್ ಹ್ಯಾರಿಸನ್ ಚುನಾವಣೆಗೆ ಭಾರೀ ನಿಧಿ ಎತ್ತಿಕೊಟ್ಟು 1889ರಲ್ಲಿ ಅಂಚೆ ಖಾತೆಗೆ ಮುಖ್ಯಸ್ಥನಾದ. ಸಾವಿರಾರು ಪೋಸ್ಟ್‌ಮಾಸ್ಟರ್‌ಗಳನ್ನು ಕಿತ್ತು ಪಕ್ಷದವರನ್ನು ಕೂರಿಸಲಾಯ್ತು. ನಾಗರಿಕ ಸೇವಾ ಆಯೋಗದಲ್ಲಿದ್ದ ಥಿಯೊಡರ್ ರೂಸ್‌ವೆಲ್ಟ್, ಅದೇ ಪಕ್ಷದವನಾದ್ರೂ, ಜಗಳಕ್ಕೆ ನಿಂತ. ಗಿರಾಕಿಗೊಂದು ನ್ಯಾಯ, ನೌಕರನಿಗೊಂದು!

ಆದ್ರೆ ಹಳ್ಳಿ ರೈತನ ಮನೆಬಾಗಿಲಿಗೂ ಅಂಚೆ ಬರಬೇಕು ಅಂತ ಹಟ ಹಿಡಿದವನೂ ಇವನೇ. ಗಿರಾಕಿ ತಪ್ಪಿಹೋಗ್ತಾರೆ ಅಂತ ಹಳ್ಳಿ ಅಂಗಡಿಯವರು ಹೆದರಿದ್ರು. 1896ರಲ್ಲಿ ಆ ಸೇವೆ ಶುರುವಾದಾಗ ಇವನ ಕುರ್ಚಿ ಹೋಗಿ ಮೂರು ವರ್ಷ ಆಗಿತ್ತು.