ಪಾಠ ಹೇಳಿ ಪಾಠ ಕಲಿತ ಬಾಲಕ

ಬೇಸಿಗೆಯ ರಜೆ ಆರಂಭವಾಯಿತೆಂದರೆ ಕಾರವಾರ, ಅಂಕೋಲೆಗಳ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಹದಿನಾಲ್ಕು ಹದಿನೈದರ ಮಗನೋ ಮಗಳೋ ನಾಲ್ಕು ಕಾಸು ಸಂಪಾದಿಸಲು ಹೊರಟರೆ ಬಿಡಬೇಕೇ, ತಡೆಯಬೇಕೇ? ಕೈಯಲ್ಲಿ ದುಡ್ಡು ಕಂಡ ಮಗು ಮತ್ತೆ ಪುಸ್ತಕ ಹಿಡಿಯಲಾರದು ಎಂಬುದು ಕೆಲವು ತಂದೆತಾಯಿಗಳ ಭಯ. ಮನೆಯ ಖರ್ಚಿಗೆ ಅಷ್ಟಾದರೂ ಒದಗೀತು ಎಂಬುದು ಇನ್ನು ಕೆಲವರ ಆಸೆ. ಭಯಕ್ಕೂ ಕಾರಣವುಂಟು, ಆಸೆಗೂ ಕಾರಣವುಂಟು. ಆದ್ದರಿಂದ ಈ ವಾರ ನಾವು ಬರಿಯ ಉಪದೇಶವನ್ನು ಬದಿಗಿಟ್ಟು ನಾಡಿಗೆಲ್ಲ ಪರಿಚಿತವಾದ ಒಂದು ಜೀವನವನ್ನು ಅವಲೋಕಿಸೋಣ.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕೇಳದ ಕನ್ನಡಿಗನಿಲ್ಲ. ಕನ್ನಂಬಾಡಿಯ ಕಟ್ಟೆ, ಮೈಸೂರಿನ ದಿವಾನಗಿರಿ, 1955ರ ಭಾರತರತ್ನ, ಇವೆಲ್ಲವನ್ನೂ ಮಕ್ಕಳು ಪಠ್ಯಪುಸ್ತಕದಲ್ಲಿ ಓದುತ್ತಾರೆ. ಆದರೆ ಅವರು ಮೊದಲ ಸಂಪಾದನೆಯನ್ನು ಯಾವ ಕೆಲಸದಿಂದ ಪಡೆದರು ಎಂಬುದನ್ನು ನೆನೆಯುವವರು ಕಡಿಮೆ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಐಶ್ವರ್ಯವಿರಲಿಲ್ಲ. ಬಾಲಕ ಇನ್ನೂ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರು ಮಗನ ಓದನ್ನು ನಿಲ್ಲಿಸಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯ ತರುವಾಯ ಅವರ ವ್ಯಾಸಂಗ ಬೆಂಗಳೂರಿನಲ್ಲಿ ಮುಂದುವರಿಯಿತು. ಅಲ್ಲಿ ಸೋದರಮಾವ ರಾಮಯ್ಯನವರ ಆಸರೆಯಿತ್ತು. ಆದರೆ ಸೆಂಟ್ರಲ್ ಕಾಲೇಜಿನ ವ್ಯಾಸಂಗದ ವೆಚ್ಚಕ್ಕೆ ಆ ಆಸರೆಯೊಂದೇ ಸಾಲದಾಯಿತು.

ಆಗ ಆ ತರುಣ ಮಾಡಿದ ಕೆಲಸ ಬಹು ಸರಳವಾದದ್ದು. ಬೆಂಗಳೂರಿನಲ್ಲಿದ್ದ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಅವರು ಮನೆಪಾಠ ಹೇಳತೊಡಗಿದರು. ಊಟಕ್ಕೆ ಸೋದರಮಾವನ ಮನೆ, ರಾತ್ರಿ ತಂಗಲು ಪಾಠ ಹೇಳುವ ಮನೆ, ಹಗಲು ಕಾಲೇಜು, ಹೀಗೆ ದಿನಗಳು ಸಾಗಿದವು. ಮನೆಪಾಠದಿಂದ ಬಂದದ್ದು ದೊಡ್ಡ ಮೊತ್ತವಲ್ಲ. ಆದರೆ ಆ ದುಡಿಮೆ ಓದಿನ ಸಮಯವನ್ನು ಕಬಳಿಸಲಿಲ್ಲ. ಮತ್ತೊಬ್ಬರಿಗೆ ಲೆಕ್ಕ ಬಿಡಿಸಿ ತೋರಿಸುವವನಿಗೆ ಆ ಲೆಕ್ಕ ತನ್ನಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಶಿಕ್ಷಕರೆಲ್ಲರೂ ಬಲ್ಲರು. 1881ರಲ್ಲಿ ಅವರು ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಕೇವಲ ಸ್ವಂತ ದುಡಿಮೆಯಿಂದ ಮೇಲೆ ಬಂದವರು ಎಂದು ಇಂಥವರನ್ನು ಹೊಗಳುವುದು ವಾಡಿಕೆ. ಅದು ಅರ್ಧಸತ್ಯ. ಮನೆಪಾಠದ ಹಣದ ಹಿಂದೆ ಸೋದರಮಾವನ ಮನೆಯ ಅನ್ನವಿತ್ತು, ತಾಯಿಯ ತ್ಯಾಗವಿತ್ತು, ಮುಂದೆ ಸರ್ಕಾರದ ನೆರವಿತ್ತು. ಬಾಲಕ ಹೊತ್ತದ್ದು ತನ್ನ ಪಾಲಿನ ಹೊರೆಯನ್ನು ಮಾತ್ರ, ಮನೆಯ ಹೊರೆಯನ್ನಲ್ಲ. ಮನೆ ನಡೆಸುವ ಭಾರವೆಲ್ಲ ಆ ಎಳೆಯ ಹೆಗಲಿಗೆ ಬಿದ್ದಿದ್ದರೆ ಅವರ ಓದು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲೂ ಇದಕ್ಕೆ ಸಮಾನವಾದ ಉದಾಹರಣೆಯುಂಟು. ಇಟಲಿಯ ಸಂತ ಜಾನ್ ಬೋಸ್ಕೊ ಎರಡು ವರ್ಷದ ಮಗುವಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಹದಿಹರೆಯದಲ್ಲಿ ಪರರ ಹೊಲದಲ್ಲಿ ಆಳಾಗಿ ದುಡಿದರು. ಕಿಯೇರಿ ಪಟ್ಟಣದಲ್ಲಿ ಓದುವಾಗ, ತಾವು ತಂಗಿದ್ದ ಮನೆಯ ಒಡತಿಯ ಮಗನಿಗೆ ಪಾಠ ಹೇಳಿದರು, ಕಾಫಿ ಅಂಗಡಿಯಲ್ಲಿಯೂ ಕೆಲಸ ಮಾಡಿದರು. 1841ರಲ್ಲಿ ಗುರುದೀಕ್ಷೆ ಪಡೆದ ಬಳಿಕ ತುರಿನ್ ನಗರದಲ್ಲಿ ಕೆಲಸ ಕಲಿಯುವ ಬಡ ಹುಡುಗರ ಪರವಾಗಿ ನಿಂತರು. 1850ರ ದಶಕದ ಆರಂಭದಲ್ಲಿ ಮಾಲೀಕರೊಂದಿಗೆ ಲಿಖಿತ ಕರಾರು ಮಾಡಿಸಿದರು. ಹುಡುಗನಿಗೆ ಸಲ್ಲಬೇಕಾದ ಕೂಲಿ, ಹಬ್ಬದ ದಿನದ ಬಿಡುವು, ಅವನನ್ನು ನಡೆಸಿಕೊಳ್ಳಬೇಕಾದ ರೀತಿ ಎಲ್ಲವೂ ಆ ಕಾಗದದ ಮೇಲೆ ಬಂದವು. ದುಡಿಮೆಯ ಕಷ್ಟವನ್ನು ಬಾಲ್ಯದಲ್ಲೇ ಉಂಡವರು ದುಡಿಯುವ ಮಕ್ಕಳನ್ನು ಮರೆಯಲಿಲ್ಲ.

ವಿಶ್ವೇಶ್ವರಯ್ಯನವರೂ ಮರೆಯಲಿಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಶಿಕ್ಷಣವನ್ನೂ ಕೈಗಾರಿಕೆಯನ್ನೂ ಒಂದೇ ನೇಗಿಲಿನ ಎರಡು ಎತ್ತುಗಳಂತೆ ಕಂಡರು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಬಳಿಕ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಅಧ್ಯಕ್ಷತೆ ವಹಿಸಿ ದುಡಿದರು. ಆ ಸೇವೆಗೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಯುವಕರಿಗೆ ಕೈಕಸುಬು ಕಲಿಸುವ ಒಂದು ಸಂಸ್ಥೆಗೆ ಆ ಹಣ ವಿನಿಯೋಗವಾಗಲಿ ಎಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಆರಂಭವಾಯಿತು. ಅದಕ್ಕಿಟ್ಟ ಹೆಸರು ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರದು, ತಮ್ಮದಲ್ಲ. ಇಂದಿಗೂ ಅದು ಪಾಲಿಟೆಕ್ನಿಕ್ ಆಗಿ ನಡೆಯುತ್ತಿದೆ. ಮನೆಪಾಠದ ಪುಡಿಗಾಸಿನಿಂದ ಓದಿದ ಹುಡುಗ, ವೃದ್ಧಾಪ್ಯದಲ್ಲಿ ಸಾವಿರಾರು ಹುಡುಗರ ಕೈಗೆ ಕಸುಬು ಕೊಟ್ಟರು. ನೂರು ವರ್ಷಗಳ ತುಂಬುಜೀವನ ಮುಗಿಸಿ ಅವರು ಕಣ್ಮುಚ್ಚಿದ್ದು 1962ರ ಏಪ್ರಿಲ್‌ನಲ್ಲಿ.

ಈ ಜೀವನದಿಂದ ನಾವು ಕಲಿಯುವುದೇನು? ಗುರಿ ಬೇರೆ, ಸಾಧನ ಬೇರೆ ಎಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮಗುವಿಗೆ ಸಂಪಾದನೆ ಸಾಧನವಾಗಿರುವ ತನಕ ಅದು ಶಕ್ತಿ, ಅದೇ ಗುರಿಯಾದ ದಿನ ಅದು ಬೇಡಿ. ಕೆಲಸ ಮುಗಿಸಿ ಬಂದ ಮಗುವಿಗೆ ಓದಲು ಹೊತ್ತೂ ತ್ರಾಣವೂ ಉಳಿದಿದೆಯೇ ಎಂಬುದೇ ಅದರ ಒರೆಗಲ್ಲು.

ನಮ್ಮ ಕರಾವಳಿಯಲ್ಲಿ ಅಂಥ ಕೆಲಸಗಳಿಗೆ ಕೊರತೆಯಿಲ್ಲ. ಹತ್ತನೆಯ ತರಗತಿ ಮುಗಿಸಿದವಳು ನೆರೆಯ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಾವಿನ ಕಾಲದಲ್ಲಿ ಮನೆಯ ಹಿತ್ತಿಲ ಹಣ್ಣನ್ನು ಆಯ್ದು, ತೂಗಿ, ಲೆಕ್ಕ ಬರೆದು ಮಾರುವುದೂ ಒಂದು ವಿದ್ಯೆಯೇ. ಹಲಸಿನ ಹಪ್ಪಳ, ಒಣಗಿಸಿದ ಮುರುಗಲು, ಹೂವಿನ ಸಸಿ, ಹೊಲಿಗೆ, ಇವೂ ಹಾಗೆಯೇ. ಇಂಥ ದುಡಿಮೆಯಿಂದ ಯಾರ ಮಾನವೂ ಕುಂದದು. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವು ಕೈಕೆಲಸಕ್ಕೆ ನಾಚುವುದುಂಟೇ?

ಆದರೆ ರಾತ್ರಿಯೆಲ್ಲ ಎಚ್ಚರವಿರಬೇಕಾದ ದೋಣಿಯ ಕೆಲಸಕ್ಕಾಗಲಿ, ಶಾಲೆ ಬಿಡಿಸಿ ದೂರದೂರಿನ ಹೋಟೆಲಿಗಾಗಲಿ ಮಕ್ಕಳನ್ನು ಅಟ್ಟುವುದು ಸಲ್ಲದು. 1986ರ ಬಾಲಕಾರ್ಮಿಕ ಕಾಯಿದೆ 2016ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ನೇಮಿಸಿಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯ ಕಸುಬಿನಲ್ಲಿ, ಶಾಲೆಯ ಹೊತ್ತಿನ ಬಳಿಕ ಅಥವಾ ರಜೆಯಲ್ಲಿ ನೆರವಾಗಬಹುದು. ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅಪಾಯಕಾರಿ ಕೆಲಸ ನಿಷಿದ್ಧ.

ಮಗು ಗಳಿಸಿದ ಹಣ ಮಗುವಿನ ಹೆಸರಿನಲ್ಲೇ ಇರಲಿ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ದಾರಿ ತೆರೆದಿದೆ. ಅದರಲ್ಲಿ ಪುಸ್ತಕಕ್ಕೆಷ್ಟು, ಮುಂದಿನ ಫೀಸಿಗೆಷ್ಟು, ತನಗಿಂತ ಬಡವನಿಗೆಷ್ಟು ಎಂಬುದನ್ನು ಮಗುವೇ ನಿರ್ಧರಿಸಲಿ.

ಇನ್ನು ಮನೆಯ ಕೊರತೆಯ ಮಾತು. ಅದನ್ನು ತುಂಬಬೇಕಾದವರು ಹಿರಿಯರು. ತಂದೆಯಿಲ್ಲದ ಮಗುವೊಂದು ನಮ್ಮ ವಠಾರದಲ್ಲಿ ಓದು ನಿಲ್ಲಿಸುವ ಸ್ಥಿತಿಯಲ್ಲಿದ್ದರೆ, ಆ ಮಗುವಿಗೆ ಸೋದರಮಾವ ರಾಮಯ್ಯನ ಸ್ಥಾನದಲ್ಲಿ ನಿಲ್ಲಬೇಕಾದವರು ನಾವು. ಶಾಲೆಗಳು ಪುನಃ ಆರಂಭವಾಗುವ ಮೊದಲೇ ಅಂಥ ಮನೆಯ ಬಾಗಿಲನ್ನು ನಾವಾಗಿಯೇ ತಟ್ಟೋಣ.