ಸೇಲಂ ಸೀಮೆಗೆ ಕಾಲ್ನಡಿಗೆಯಲ್ಲಿ ಬಂದ ರೋಮಿನ ಸಿರಿಮಗ: ಸ್ವಾಮಿ ರಾಬರ್ಟ್ ದೆ ನೊಬಿಲಿ

ಹಿಂದಿನ ಕಾಲದ ಯೂರೋಪಿನ ವೀರಯೋಧರ ಮನೆತನಗಳಲ್ಲಿ ಹಿರಿಯ ಮಗನೆಂದರೆ ಎಲ್ಲವೂ ಅವನೇ. ಖಡ್ಗ, ಬಿರುದು, ಭೂಮಿ ಅವನಿಗೆ ಸೇರುತ್ತಿದ್ದವು. ಆ ಹಕ್ಕಿಗಾಗಿ ಒಡಹುಟ್ಟಿದವರೇ ಯುದ್ಧ ಹೂಡಿದ್ದೂ ಉಂಟು. 1577ರಲ್ಲಿ ಜನಿಸಿದ ರಾಬರ್ಟ್ ದೆ ನೊಬಿಲಿ ಅಂಥ ಮನೆತನದ ಹಿರಿಯ ಮಗ. ತಮ್ಮದು ಚಕ್ರವರ್ತಿ ಮೂರನೆಯ ಒಟ್ಟೋನ ವಂಶವೆಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ತಂದೆ ಜಗದ್ಗುರುಗಳ ಸೈನ್ಯದಲ್ಲಿ ಸೇನಾನಿ. ಜಗದ್ಗುರು ಮೂರನೆಯ ಜೂಲಿಯಸ್ ಅವರ ಬಂಧು.

ಮಗ ವಂಶ ಬೆಳಗಬೇಕೆಂದು ಮನೆಯವರ ಆಸೆ. ರಾಬರ್ಟರು ಹಿರಿತನದ ಹಕ್ಕನ್ನು ಬಿಟ್ಟುಕೊಟ್ಟು, ನೇಪಲ್ಸಿನಲ್ಲಿ ಯೇಸುಸಭೆ ಸೇರಿದರು. 1605ರಲ್ಲಿ ಗೋವಾ ಮುಟ್ಟಿ, ಮರುವರ್ಷ ಮಧುರೆಗೆ ಬಂದರು.

ಮಧುರೆಯಲ್ಲಿ ಜನರು ಕ್ರೈಸ್ತ ಧರ್ಮವನ್ನು ಪರಂಗಿಯವರ ಧರ್ಮವೆಂದು ದೂರವಿಟ್ಟಿದ್ದರು. ಸ್ವಾಮಿಗಳು ಕಾವಿ ಉಟ್ಟು, ಪಾದುಕೆ ಮೆಟ್ಟಿ, ದಿನಕ್ಕೊಂದೇ ಹೊತ್ತು ಅನ್ನ ತರಕಾರಿ ಉಂಡು ಸಂನ್ಯಾಸಿಯಂತೆ ಬಾಳಿದರು. ತಮಿಳು, ಸಂಸ್ಕೃತ, ತೆಲುಗು ಕಲಿತರು. ತಾವು ಪರಂಗಿಯಲ್ಲ, ರೋಮಿನ ರಾಜಕುಲದವರೆಂದು ಸಾರಿದರು. ಈ ರೀತಿಯನ್ನು ಗೋವಾದಲ್ಲಿ ಹಲವರು ಆಕ್ಷೇಪಿಸಿದರು. ಕೊನೆಗೆ 1623ರಲ್ಲಿ ಜಗದ್ಗುರು 15ನೆಯ ಗ್ರೆಗೊರಿ ಅದಕ್ಕೆ ಅನುಮತಿಯಿತ್ತರು.

ಅದೇ ವರ್ಷ ಸ್ವಾಮಿಗಳು ಮಧುರೆ ಬಿಟ್ಟು ಉತ್ತರಕ್ಕೆ ನಡೆದರು. ತಿರುಚಿನಾಪಳ್ಳಿ ದಾಟಿ ಸೇಂದಮಂಗಲಕ್ಕೂ ಅಲ್ಲಿಂದ ನಮ್ಮ ಸೇಲಂಗೂ ಬಂದರು. ಸೇಂದಮಂಗಲದಲ್ಲಿ ಆಗ ರಾಮಚಂದ್ರ ನಾಯಕನ ಆಳ್ವಿಕೆ. ಅವನು ಸ್ವಾಮಿಗಳನ್ನು ಆದರಿಸಿದನು. ಆದರೆ ಪಟ್ಟದ ಹಕ್ಕಿದ್ದ ಅವನ ಅಣ್ಣ ತಿರುಮಂಗಲ ನಾಯಕನು ರಾಜ್ಯ ಕಳೆದುಕೊಂಡು ಸೇಲಂನಲ್ಲಿ ಆಶ್ರಯ ಪಡೆದಿದ್ದನು.

ಇಬ್ಬರೂ ಹಿರಿಯ ಮಕ್ಕಳು. ಒಬ್ಬರು ತಮ್ಮ ಪಾಲನ್ನು ತಾವಾಗಿ ತೊರೆದವರು, ಇನ್ನೊಬ್ಬರ ಪಾಲು ಕೈತಪ್ಪಿತ್ತು. ಪಟ್ಟ ಕಳೆದುಕೊಂಡ ಆ ನಾಯಕನು ಸ್ವಾಮಿಗಳ ಬೋಧನೆ ಕೇಳಿ ಜ್ಞಾನಸ್ನಾನ ಪಡೆದನು. ಸಿಂಹಾಸನ ಮರಳಿ ಕೊಡಿಸುವ ಸೈನ್ಯ ಸ್ವಾಮಿಗಳಲ್ಲಿರಲಿಲ್ಲ. ಯಾರೂ ಕಸಿಯಲಾರದ ರಾಜ್ಯವನ್ನು ಮಾತ್ರ ಅವರು ತೋರಿಸಬಲ್ಲವರಾಗಿದ್ದರು.

ಒಂದು ಮಾತನ್ನು ಮುಚ್ಚಿಡಬಾರದು. ಆಸ್ತಿ ಬಿಟ್ಟ ಸ್ವಾಮಿಗಳು ಕುಲದ ಹೆಸರನ್ನು ಬಿಡಲಿಲ್ಲ, ಅದನ್ನೇ ಬಾಗಿಲು ತೆರೆಯುವ ಕೀಲಿಕೈ ಮಾಡಿಕೊಂಡರು. ಆ ಬಾಗಿಲಿನಿಂದ ಮೇಲ್ಜಾತಿಯವರು ಒಳಬಂದರು, ಕೆಳಜಾತಿಯವರೆನಿಸಿಕೊಂಡವರು ಬೇರೆಯಾಗಿಯೇ ಉಳಿದರು. ಅವರಿಗಾಗಿ 1640ರಲ್ಲಿ ಸ್ವಾಮಿ ಬಾಲ್ತಜಾರ್ ದ ಕೋಸ್ತ ಪಂಡಾರಸ್ವಾಮಿಯ ವೇಷ ಧರಿಸಿ ಹೊರಟರು. ಸುವಾರ್ತೆ ಹೆಚ್ಚು ಜನರನ್ನು ಮುಟ್ಟಿತು, ಆದರೆ ಸಭೆಯೊಳಗೆ ಜಾತಿಯ ಗೋಡೆಯೂ ನಿಂತಿತು.

ಇದೇ ಸಂನ್ಯಾಸ ಮಾರ್ಗವನ್ನು ಹಿಡಿದು 1649ರಲ್ಲಿ ಸ್ವಾಮಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿ, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಕನ್ನಡದಲ್ಲಿ ಜಪಮಾಡುವ ನಮಗೂ ಆ ಹಾದಿಯ ಋಣವಿದೆ.

ದೆ ನೊಬಿಲಿಯವರು ಕಣ್ಣು ಮಂಜಾಗಿ, ಮೈಲಾಪುರದಲ್ಲಿ 1656ರ ಜನವರಿ 16ರಂದು ಪ್ರಭುವಿನ ಪಾದ ಸೇರಿದರು. ಖಡ್ಗವನ್ನೂ ಪಿತ್ರಾರ್ಜಿತವನ್ನೂ ಅವರು ತೊರೆದರು. ಕುಲದ ಹೆಮ್ಮೆಯನ್ನು ತೊರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಬಲಿಪೂಜೆಗೆ ಬರುವ ಯಾರ ಪಕ್ಕದಲ್ಲಾದರೂ ಅಳುಕಿಲ್ಲದೆ ಮೊಣಕಾಲೂರುವ ಮನಸ್ಸನ್ನು ಪ್ರಭು ನಮಗೆ ಕೊಡಲಿ.